ಹೊಟ್ಟಿನ ಲಾರಿಗೆ ತಾಡಪತ್ರಿ ಹೊದಿಸಿ

ಮಾನ್ಯರೆ,

ನಮ್ಮದು ಒಂದೇ ಲಾರಿ, ಹನ್ನೆರಡು ಗಾಲಿಯದು. ಓಡಿಸುವವರು ನಮ್ಮ ಯಜಮಾನರು. ಡೀಸೆಲ್ಲಿನಿಂದ ಹಿಡಿದು ಪಂಕ್ಚರಿನವರೆಗೆ ಲೆಕ್ಕ ಬರೆಯುವವಳು ನಾನು. ಕಾರಟಗಿಯ ಮಿಲ್ಲುಗಳಿಂದ ಬೆಂಗಳೂರಿಗೆ ಅಕ್ಕಿ ಒಯ್ಯುತ್ತೇವೆ. ಕಳೆದ ನವೆಂಬರಿನಲ್ಲಿ ರೇಡಿಯೇಟರ್ ಕಟ್ಟಿಕೊಂಡು ಎಂಜಿನ್ ಕುದಿದು, ನನ್ನ ಪುಸ್ತಕದ ಒಂದೇ ಪುಟದಲ್ಲಿ 38,400 ರೂಪಾಯಿ ಖರ್ಚು ಬರೆಯಬೇಕಾಯಿತು. ಅದರಲ್ಲಿ ಅರ್ಧ ತಪ್ಪು ರಸ್ತೆಯಲ್ಲಿ ಲಾರಿಗಳಿಂದ ಹಾರುವ ಭತ್ತದ ಹೊಟ್ಟಿನದು, ಇನ್ನರ್ಧ ನನ್ನದೇ. ಭತ್ತದ ಸುಗ್ಗಿ ಮತ್ತೆ ಹತ್ತಿರ ಬಂದಿದೆ, ಎರಡನ್ನೂ ಹೇಳಿಬಿಡುತ್ತೇನೆ.

ಗಂಗಾವತಿಯಿಂದ ಶ್ರೀರಾಮನಗರ, ಸಿದ್ದಾಪುರ ದಾಟಿ ಕಾರಟಗಿಗೆ ಕೊಯ್ಲಿನ ದಿನಗಳಲ್ಲಿ ಸಂಜೆಯ ಮೇಲೆ ಬಂದವರಿಗೆ ಆ ರಸ್ತೆ ಗೊತ್ತು. ಬದಿಗೆಲ್ಲ ಗದ್ದೆ. ದೀಪ ಕಂಡರೆ ಸಾಕು, ಕಂದು ಜಿಗಿಹುಳು ಮುಗಿಬೀಳುತ್ತದೆ. ಬೈಕಿನವರು ಬಾಯಿಗೆ ಟವೆಲ್ ಸುತ್ತಿಕೊಂಡು ಹೋಗುತ್ತಾರೆ. ಲಾರಿಯ ಬಾಯಿ ಮಾತ್ರ ತೆರೆದೇ ಇರಬೇಕು. ಅದರ ಹಿಂದೆ ರೇಡಿಯೇಟರ್. ಕಾಗದದಷ್ಟು ತೆಳುವಾದ ಅಲ್ಯುಮಿನಿಯಂ ಫಿನ್ನುಗಳ ನಡುವೆ ಗಾಳಿ ನುಗ್ಗಿದರೆ ಮಾತ್ರ ಎಂಜಿನ್ ತಣ್ಣಗಿರುತ್ತದೆ. ಹುಳು ಅಲ್ಲಿಗೆ ಬಡಿದು, ಬಿಸಿಗೆ ಬೆಂದು, ಅಲ್ಲೇ ಅಂಟುತ್ತದೆ. ಮುಂದೆ ಹೋಗುವ ಲಾರಿಯಿಂದ ಹಾರಿದ ಹೊಟ್ಟು ಮತ್ತು ದೂಳು ಆ ಅಂಟಿನ ಮೇಲೆ ಕೂತರೆ ಗೋಡೆಗೆ ಗಿಲಾವು ಮಾಡಿದಂತೆಯೇ ಸರಿ.

ಇನ್ನು ನನ್ನ ಜಾಣತನದ ಕಥೆ. ಮನೆಯಲ್ಲಿ ಹಳೆಯ ಸೊಳ್ಳೆ ಪರದೆ ಇತ್ತು. ಅದನ್ನು ಎರಡು ಮಡಿಕೆ ಮಾಡಿ ಹೊಲಿದು, ಅಂಚಿಗೆ ಲಾಡಿ ಹಚ್ಚಿ, ಲಾರಿಯ ಮುಂಭಾಗದ ಗ್ರಿಲ್ಲಿಗೆ ನಾನೇ ಕಟ್ಟಿಕೊಟ್ಟೆ. ಇನ್ನು ಒಂದು ಹುಳುವೂ ಒಳಗೆ ಹೋಗುವುದಿಲ್ಲ ಎಂದೆ. ಹುಳು ಹೋಗಲಿಲ್ಲ ನಿಜ, ಗಾಳಿಯೂ ಹೋಗಲಿಲ್ಲ. ಹಿಟ್ನಾಳದ ತನಕ ಸಮ ರಸ್ತೆ, ಓಟದ ಗಾಳಿ, ಏನೂ ಗೊತ್ತಾಗಲಿಲ್ಲ. ಹೊಸಪೇಟೆ ದಾಟಿ ಸುರಂಗದ ಕಡೆಗೆ ಏರು ಹಿಡಿದಾಗ ಇಪ್ಪತ್ತು ಟನ್ ಅಕ್ಕಿ ಹೊತ್ತ ಗಾಡಿಯ ವೇಗ ಇಳಿಯಿತು. ಅಂಥ ಕಡೆ ಗಾಳಿ ಎಳೆದುಕೊಳ್ಳಲು ಫ್ಯಾನ್ ಒಂದೇ ದಿಕ್ಕು. ಪರದೆಯ ಮೇಲೆ ಆಗಲೇ ಹುಳುವಿನ ರೊಟ್ಟಿ ತಟ್ಟಿದಂತಾಗಿತ್ತು. ಸೂಜಿ ಕೆಂಪು ಗೆರೆ ಮುಟ್ಟಿದ ಮೇಲೂ, ಸ್ವಲ್ಪ ಮುಂದೆ ಢಾಬಾ ಇದೆ ಎಂದು ನಮ್ಮವರು ಎಳೆದರು. ರಾತ್ರಿ ಹನ್ನೊಂದೂವರೆಗೆ ಫೋನ್ ಬಂತು. ‘ಪರದೆ ಬಿಚ್ಚಿದಿರಾ?’ ಎಂದು ಕೇಳಿದೆ. ‘ಬಿಚ್ಚಿದೆ. ಈಗ ಬಿಚ್ಚಿ ಏನು ಮಾಡುವುದು’ ಎಂದರು. ಎಂಜಿನ್ನಿನ ಒಳಗೆ ಸೋರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಸುಟ್ಟಿತ್ತು. ಗಾಡಿ ಒಂಬತ್ತು ದಿನ ನಿಂತಿತು. ತಿಂಗಳ ಕಂತು ಮಾತ್ರ ನಿಲ್ಲಲಿಲ್ಲ.

ಒಂದು ಪುಣ್ಯವೆಂದರೆ ಆ ರಾತ್ರಿ ಯಾರೂ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಲಿಲ್ಲ. ಮುಚ್ಚಳ ಒತ್ತಡವನ್ನು ಹಿಡಿದಿಟ್ಟಿರುವುದರಿಂದ ಒಳಗಿನ ನೀರು ನೂರು ಡಿಗ್ರಿ ದಾಟಿದರೂ ಕುದಿಯದೆ ಕೂತಿರುತ್ತದೆ. ತೆರೆದ ಕ್ಷಣ ಮುಖಕ್ಕೆ ಚಿಮ್ಮುತ್ತದೆ. ಹೊಸ ಕ್ಲೀನರ್ ಹುಡುಗರಿಗೆ ಇದನ್ನು ಮೊದಲ ದಿನವೇ ಹೇಳಬೇಕು.

ನಾಲ್ಕನೆಯ ದಿನ ನಾನು ಹೊಸಪೇಟೆಗೆ ಹೋದೆ. ನಮ್ಮ ಲಾರಿಯಲ್ಲಿ ರೇಡಿಯೇಟರಿನ ಮುಂದೆ, ಎಂಜಿನ್ ಒಳಗೆ ಹೋಗುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಇದೆ. ಹೊರಗಿನಿಂದ ಕಾಣುವುದು ಅದೇ. ನಾವು ಅದನ್ನು ತೊಳೆದು ರೇಡಿಯೇಟರ್ ತೊಳೆದೆವೆಂದು ತಿಳಿದಿದ್ದೆವು. ಮೇಸ್ತ್ರಿ ಅದನ್ನು ಬಿಚ್ಚಿ ಈಚೆ ಇಟ್ಟಾಗ ಎರಡರ ಸಂದಿಯಿಂದ ಕಂಬಳಿಯಂಥ ಒಂದು ಪದರ ಕಳಚಿ ಬಂತು. ಕೈಯಲ್ಲಿ ಹಿಡಿದು ನೋಡಿದೆ. ಮುಕ್ಕಾಲು ಪಾಲು ಭತ್ತದ ಹೊಟ್ಟು. ನಡುವೆ ಹತ್ತಿಯ ಎಳೆ, ಗುಟ್ಕಾ ಚೀಟಿಯ ಚೂರು, ಇನ್ನೂ ಹೊಳೆಯುತ್ತಿದ್ದ ಡ್ರ್ಯಾಗನ್ ಫ್ಲೈ ರೆಕ್ಕೆ ಒಂದು. ಪರದೆ ಕಟ್ಟಿದ್ದು ಆ ವಾರ. ಈ ಕಂಬಳಿ ಎಷ್ಟೋ ತಿಂಗಳ ನೇಯ್ಗೆ. ಹೊಟ್ಟಿಗೆ ಅರ್ಧ ತಪ್ಪು ಹೊರಿಸಿದ್ದು ಅದಕ್ಕೇ.

ಊರಿಗೆ ಬಂದ ಮೇಲೆ ಅಡುಗೆಮನೆಯ ಸಾಣಿಗೆಗಳನ್ನು ಮುಂದಿಟ್ಟುಕೊಂಡು ಕೂತೆ. ಹಿಟ್ಟಿನ ಸಾಣಿಗೆ ಸೊಳ್ಳೆ ಪರದೆಯ ಜಾತಿ, ಬೇಡ. ಕಾಳಿನ ಸಾಣಿಗೆಯ ತೂತಿನಲ್ಲಿ ಹೊಟ್ಟು ನೆಟ್ಟಗೆ ನುಸುಳುತ್ತದೆ. ರವೆಯದು ಸರಿ ಕಂಡಿತು. ತೂತು ಸುಮಾರು ಎರಡು ಮಿಲಿಮೀಟರ್. ಜಿಗಿಹುಳು ಮೂರು ನಾಲ್ಕು ಮಿಲಿಮೀಟರ್ ಇರುತ್ತದೆ, ಹೊಟ್ಟು ಅದಕ್ಕಿಂತ ಉದ್ದ. ತಂತಿ ತೆಳುವಾಗಿರಬೇಕು, ಇಲ್ಲದಿದ್ದರೆ ತೂತಿನ ಜಾಗವನ್ನು ತಂತಿಯೇ ತಿನ್ನುತ್ತದೆ. ಅದೇ ಅಳತೆಯ ಸ್ಟೀಲ್ ಜಾಲರಿಗೆ ತಗಡಿನ ಅಂಚು ಕಟ್ಟಿಸಿ, ಒಳಗಿನ ಫಿನ್ನುಗಳಿಂದ ನಾಲ್ಕು ಬೆರಳು ದೂರ ಬಿಟ್ಟು, ಕೈಯಿಂದಲೇ ತಿರುಗಿಸುವ ನಟ್ಟು ಹಾಕಿಸಿದೆವು. ಕೂಲಿ ಸೇರಿ 640 ರೂಪಾಯಿ. ಬಿಚ್ಚಲು ಸ್ಪಾನರ್ ಬೇಕೆಂದರೆ ಯಾವ ಚಾಲಕನೂ ಬಿಚ್ಚುವುದಿಲ್ಲ, ನಮ್ಮವರೂ ಸೇರಿದಂತೆ. ಜೊತೆಗೆ ಬಂಪರಿನ ಮುಂದೆ ಒಂದು ಕಬ್ಬಿಣದ ಗಾರ್ಡನ್ನೂ ಹಾಕಿಸೋಣ ಎಂದರು. 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅಂಥ ಗಾರ್ಡುಗಳ ಮೇಲೆ ಕ್ರಮ ಕೈಗೊಳ್ಳಿ ಎಂದು ರಾಜ್ಯಗಳಿಗೆ ಬರೆದಿದೆ, ದಂಡದ ಲೆಕ್ಕವನ್ನೂ ನಾನೇ ಬರೆಯಬೇಕಲ್ಲ ಎಂದೆ. ಸುಮ್ಮನಾದರು.

ಜಾಲರಿ ಹಾಕಿ ಮರೆತರೆ ಅದೂ ಸೊಳ್ಳೆ ಪರದೆಯೇ. ಕೊಯ್ಲಿನ ದಿನಗಳಲ್ಲಿ ಪ್ರತಿ ಟ್ರಿಪ್ಪಿಗೂ ಬಿಚ್ಚಿ ಸೋಪಿನ ನೀರಿನಲ್ಲಿ ನೆನೆಸುತ್ತೇನೆ. ಒಣಗಿದ ಹುಳುವನ್ನು ಉಜ್ಜಿದರೆ ಬಿಡುವುದಿಲ್ಲ. ರೇಡಿಯೇಟರ್ ತೊಳೆಯುವುದು ಎಂಜಿನ್ ಪೂರ್ತಿ ಆರಿದ ಮೇಲೆ, ಎಂಜಿನ್ನಿನ ಕಡೆಯಿಂದ ಹೊರಕ್ಕೆ, ಮೆಲ್ಲಗೆ. ಕಸ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು. ಮುಂದಿನಿಂದ ನೀರು ಬಿಟ್ಟರೆ ಇನ್ನಷ್ಟು ಒಳಗೆ ಗಿಡಿಯುತ್ತದೆ. ವಾಟರ್ ಸರ್ವಿಸ್ ಹುಡುಗರು ಕೆಸರು ಬಿಡಿಸುವ ಅದೇ ಗನ್ನನ್ನು ಒಂದು ಗೇಣು ದೂರದಿಂದ ಫಿನ್ನುಗಳಿಗೂ ಹಿಡಿಯುತ್ತಾರೆ. ಒಮ್ಮೆ ನಮ್ಮ ಗಾಡಿಗೆ ಹಾಗೆ ಹಿಡಿದು ಅಂಗೈಯಗಲ ಜಾಗದ ಫಿನ್ನುಗಳು ಮಲಗಿಬಿಟ್ಟವು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ ಎಂಬ ನಿಯಮವಿದೆ. ಚಾಲಕರಿಗೆ ಅದು ಬೇಕಾದದ್ದೇ. ಆದರೆ ಎಸಿಯ ಬಿಸಿಯನ್ನು ಹೊರಬಿಡುವ ಕಂಡೆನ್ಸರ್ ಕೂಡ ಸಾಮಾನ್ಯವಾಗಿ ಕೂರುವುದು ಮುಂದೆಯೇ. ಕಸ ಅಡಗಲು ಇನ್ನೊಂದು ಸಂದಿ. ಹೊಸ ಗಾಡಿ ತೆಗೆದುಕೊಂಡವರು ಟಾರ್ಚ್ ಬಿಟ್ಟು ಮೇಲಿನಿಂದ ಇಣುಕಿ ನೋಡಲಿ.

ಇಷ್ಟು ನಮ್ಮ ಕೈಯಲ್ಲಿರುವುದು. ಹೊಟ್ಟು ಸಾಗಿಸುವವರಿಗೆ ಮತ್ತು ಮಿಲ್ಲಿನವರಿಗೆ ಒಂದು ಮಾತು. ಬಾಡಿಗಿಂತ ಎರಡಾಳು ಎತ್ತರ ಹೊಟ್ಟು ಹೇರಿ, ಮೇಲೆ ಹಗ್ಗದ ಬಲೆ ಎಳೆದು ಬಿಟ್ಟುಬಿಡುತ್ತೀರಿ. ಆ ಬಲೆಯ ಕಣ್ಣಿನಲ್ಲಿ ನನ್ನ ಹೆಬ್ಬೆರಳು ಹೋಗುತ್ತದೆ. ಕೇಳಿದರೆ, ಹೊಟ್ಟಲ್ಲವೇ, ಒಂದಿಷ್ಟು ಹಾರಿದರೆ ಏನಾಯಿತು ಎನ್ನುತ್ತೀರಿ. ಇಟ್ಟಿಗೆ ಭಟ್ಟಿಯವರ ಹತ್ತಿರ, ಬಾಯ್ಲರಿನವರ ಹತ್ತಿರ ತೂಕ ಮಾಡಿ ದುಡ್ಡು ಎಣಿಸುವಾಗ ಅದು ಬರೀ ಹೊಟ್ಟಾಗಿರುವುದಿಲ್ಲವಲ್ಲ! ಬಲೆಯ ಕೆಳಗೆ ತಾಡಪತ್ರಿ ಹೊದಿಸಿ ಗೇಟು ದಾಟಿಸಿ. ಬೈಕ್ ಸವಾರರ ಕಣ್ಣಿಗೂ ಅದು ಬೇಕು.

ನಿನ್ನೆ ಬೆಳಿಗ್ಗೆ ನಮ್ಮವರು ಬಂದಿಳಿದ ಮೇಲೆ ಜಾಲರಿ ಬಿಚ್ಚಿ ಅಂಗಳದಲ್ಲಿ ಕೊಡವಿದೆ. ಕೊಯ್ಲು ಇನ್ನೂ ಶುರುವಾಗಿಲ್ಲ, ಹುಳು ಕಡಿಮೆ. ಹೊಟ್ಟು ಮಾತ್ರ ಅರ್ಧ ಸೇರು ಬಂತು. ನಮ್ಮ ಲಾರಿ ಈವರೆಗೆ ಒಂದು ದಿನವೂ ಹೊಟ್ಟು ಹೇರಿಲ್ಲ.

— ಲಾರಿ ಮಾಲೀಕರೊಬ್ಬರ ಪತ್ನಿ, ಕಾರಟಗಿ, ಕೊಪ್ಪಳ ಜಿಲ್ಲೆ