ಭಾನುವಾರ ಕ್ಯಾಸಂಬಳ್ಳಿಗೆ ಹೋಗುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 8ಕ್ಕೆ ಕೋಲಾರ ಬಸ್ ಸ್ಟ್ಯಾಂಡ್‌ನಿಂದ ಕ್ಯಾಸಂಬಳ್ಳಿಗೆ ಹೊರಡುತ್ತೇವೆ, ಕೆ.ಸಿ. ರೆಡ್ಡಿಯವರ ಊರು ನೋಡಿ ಅಲ್ಲಿನ ಹಿರಿಯರ ಜೊತೆ ಮಾತಾಡಿ ಬರಲು. 1947ರಲ್ಲಿ, ಮಹಾರಾಜರ ಸಂಸ್ಥಾನದಲ್ಲಿ ಜನರ ಸರ್ಕಾರ ಬೇಕು ಅಂತ ನಡೆದ ಮೈಸೂರು ಚಲೋ ಚಳವಳಿ ಗೆದ್ದ ಮೇಲೆ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿಯಾದವರು, 1952ರವರೆಗೆ ಆಡಳಿತ ನಡೆಸಿದವರು, ಆಮೇಲೆ ಕೇಂದ್ರ ಸಚಿವರು, ಮಧ್ಯಪ್ರದೇಶದ ರಾಜ್ಯಪಾಲರು. ಇಷ್ಟೆಲ್ಲ ಆದವರು ನಮ್ಮದೇ ಜಿಲ್ಲೆಯ ಹಳ್ಳಿಯವರು ಅಂತ ಇಲ್ಲಿನ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ, ಬೇಜಾರಾಗುತ್ತದೆ ಅಲ್ವಾ? ಹಾಗಾಗಿ ಹೈಸ್ಕೂಲ್ ಮಕ್ಕಳನ್ನು ಖಂಡಿತ ಕರೆತನ್ನಿ. ಹಳೇ ಫೋಟೊ, ಪೇಪರ್ ಕಟಿಂಗ್ ಇದ್ದರೆ ತನ್ನಿ, ಅಲ್ಲೇ ಮೊಬೈಲ್‌ನಲ್ಲಿ ತೆಗೆದುಕೊಂಡು ವಾಪಸ್ ಕೊಡುತ್ತೇವೆ. ನೀರು, ತಿಂಡಿ ನಿಮ್ಮದೇ. ವ್ಯಾನ್ ಬುಕ್ ಮಾಡಬೇಕು, ಮನೆಯಿಂದ ಎಷ್ಟು ಜನ ಬರುತ್ತೀರಿ ಅಂತ ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಬರೆಯಿರಿ. ಸುಮ್ನೆ ಹೆಬ್ಬೆರಳು ಹಾಕಿದರೆ ಲೆಕ್ಕ ಸಿಗುವುದಿಲ್ಲ, ದಯವಿಟ್ಟು ಸಂಖ್ಯೆ ಹಾಕಿ.