ಸಾಕ್ಷಿ ಹಾಕೋಕೆ ಯಾರನ್ನ ಕರೆದಳು?

ಪ್ರೀತಿಯ ತಂಗೀ,

ನಿನ್ನ ಕಥೆ ರಾತ್ರಿ ಓದ್ದೆ, ಬೆಳಗ್ಗೆ ಎದ್ದು ಇನ್ನೊಂದ್ಸಲ ಓದ್ದೆ. 1850ರ ಇಂಗ್ಲೆಂಡು, ಹಾಸಿಗೆ ಹಿಡಿದ ಹೆಂಡತಿ, ಗಂಡ ಊರಲ್ಲಿಲ್ಲದ ರಾತ್ರಿ ಮೇಣದಬತ್ತಿ ಹಚ್ಕೊಂಡು ಉಯಿಲು ಬರೀತಾಳೆ, ಮನೆ ದೊಡ್ಡ ಮಗಳಿಗೆ, ಮುತ್ತಿನ ಸರ ಚಿಕ್ಕವಳಿಗೆ, ನೂರು ಪೌಂಡು ತಂಗಿಗೆ. ಓದೋಕೆ ಚೆನ್ನಾಗಿದೆ ಕಣೇ, ಆದ್ರೆ ಬೆಳಗಾದ್ರೆ ಆ ಕಾಗದಕ್ಕೆ ಕಾಸಿನ ಬೆಲೆ ಇಲ್ಲ.

ಯಾಕಂದ್ರೆ ಅಲ್ಲಿನ ಕಾನೂನಲ್ಲಿ ಮದುವೆ ಆದ ಕ್ಷಣದಿಂದ ಅವಳ ದುಡ್ಡು, ಒಡವೆ, ಪಾತ್ರೆ ಪಗಡ ಎಲ್ಲ ಗಂಡಂದು. ಜಮೀನಿದ್ರೆ ಅದು ಅವಳ ಹೆಸರಲ್ಲೇ ಇರ್ತಿತ್ತು, ಆದ್ರೆ ಬರೋ ಗೇಣಿ ಅವನ ಕೈಗೆ, ಅದನ್ನ ಉಯಿಲಲ್ಲಿ ಯಾರಿಗೂ ಬರೆದುಕೊಡೋ ಹಾಗೂ ಇಲ್ಲ. 1837ರಲ್ಲಿ ವಿಲ್ಸ್ ಆಕ್ಟ್ ಅಂತ ಉಯಿಲಿನ ಕಾನೂನು ಬಂದಾಗಲೂ ಹೆಂಡತಿಯರ ಸ್ಥಿತಿ ಇದ್ದಲ್ಲೇ ಉಳೀತು. ಗಂಡ ಒಪ್ಪಿದ್ರೆ ಉಂಟು, ಇಲ್ಲಾ ಮದುವೆಗೆ ಮುಂಚೆನೇ ತವರಿನವರು ಸೆಟಲ್‌ಮೆಂಟ್ ಪತ್ರ ಮಾಡಿ ಟ್ರಸ್ಟಿ ಕೈಲಿ ದುಡ್ಡಿಟ್ಟಿದ್ರೆ ಉಂಟು, ಆದ್ರೆ ಅದು ಕಾಸಿದ್ದವರ ಮನೆ ಮಾತು. 1882ರಲ್ಲಿ ಕಾನೂನು ಮಾಡಿ 1883ರ ಜನವರಿ 1ರಿಂದ ಜಾರಿಗೆ ತಂದ್ಮೇಲೇ ಮದುವೆಯಾದ ಹೆಂಗಸಿಗೆ ತನ್ನ ಆಸ್ತಿನ ತನ್ನಿಷ್ಟದಂತೆ ಬರೆದುಕೊಡೋ ಹಕ್ಕು ಸಿಕ್ಕಿದ್ದು.

ಇದನ್ನ ನಿನ್ನ ತಪ್ಪು ಹುಡುಕೋಕೆ ಹೇಳ್ತಿಲ್ಲ. ನಿನ್ನ ಕಥೆ ಇರೋದೇ ಈ ಅಡ್ಡಿಯಲ್ಲಿ, ನೀನು ಅದನ್ನ ದಾಟ್ಕೊಂಡು ಮುಂದೆ ಹೋಗ್ಬಿಟ್ಟಿದ್ದೀಯ.

‘ಜೇನ್ ಐರ್’ ಕಾದಂಬರಿ ಬರೆದ ಶಾರ್ಲೆಟ್ ಬ್ರಾಂಟೆ ಉಯಿಲು ನೋಡು. 1854ರ ಜೂನಲ್ಲಿ ಆರ್ಥರ್ ನಿಕೋಲ್ಸ್‌ನ ಮದುವೆ ಆಗೋಕೆ ಮುಂಚೆ ಅವಳು ಒಂದು ಪತ್ರ ಮಾಡಿಸಿದ್ಲು, ದುಡ್ಡು ಟ್ರಸ್ಟಿ ಹತ್ರ ಇರ್ಬೇಕು, ಮಕ್ಕಳಿಲ್ದೆ ತಾನು ಮೊದಲು ಸತ್ರೆ ಅದು ಅಪ್ಪನಿಗೆ ಹೋಗ್ಬೇಕು ಅಂತ. ಒಂದು ವರ್ಷ ಕೂಡ ಆಗ್ಲಿಲ್ಲ, 1855ರ ಫೆಬ್ರವರಿ 17ಕ್ಕೆ ಕಾಯಿಲೆಯಲ್ಲಿ ಮಲಗಿದ್ದಾಗ ಹೊಸ ಉಯಿಲು, ಮಕ್ಕಳಿಲ್ದೆ ಸತ್ರೆ ಎಲ್ಲಾ ಗಂಡನಿಗೆ, ಮಗು ಉಳಿದ್ರೆ ಬಡ್ಡಿ ಗಂಡನಿಗೆ ಅಸಲು ಮಗುಗೆ. ಅದಕ್ಕೆ ಸಾಕ್ಷಿ ಹಾಕ್ದೋರು ಇಬ್ರು, ಮನೆಕೆಲಸದ ಮಾರ್ಥಾ ಬ್ರೌನ್ ಮತ್ತು ಶಾರ್ಲೆಟ್ ಅಪ್ಪ. ಈ ಮದುವೆನೇ ಬೇಡ ಅಂತ ರೇಗಾಡಿದ್ದ ಅದೇ ಅಪ್ಪ, ತನಗೆ ಬರ್ಬೇಕಾಗಿದ್ದ ದುಡ್ಡು ಅಳಿಯನಿಗೆ ಹೋಗೋ ಕಾಗದಕ್ಕೆ ತಾನೇ ಕೂತು ರುಜು ಹಾಕ್ತಾನೆ! ಆರು ವಾರಕ್ಕೆ ಅವಳು ಹೋದ್ಲು, ಮಾರ್ಚ್ 31ಕ್ಕೆ. ಅಳಿಯ ಆ ಮುದುಕನ್ನ ಬಿಟ್ಟುಹೋಗ್ಲಿಲ್ಲ, 1861ರಲ್ಲಿ ಅವನು ಸಾಯೋ ತನಕ ಅದೇ ಮನೇಲಿದ್ದು ನೋಡ್ಕೊಂಡ. ಇಡೀ ಉಯಿಲಲ್ಲಿ ಪ್ರೀತಿ ಅನ್ನೋ ಪದ ಒಂದ್ಸಲನೂ ಬರಲ್ಲ, ಆದ್ರೂ ಮೊದಲಿನ ಪತ್ರ, ಈ ಉಯಿಲು ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದಾಗ ನಂಗೆ ಗಂಟಲು ಕಟ್ಟಿತು.

ಇನ್ನೊಂದು ವಿಷ್ಯ. ನಿನ್ನ ನಾಯಕಿ ಒಳಗೆ ನಮ್ಮಜ್ಜಿಯರು ಬಂದು ಕೂತಿದ್ದಾರೆ ಅನ್ಸುತ್ತೆ. ನಮ್ಮಲ್ಲಿ ಸ್ತ್ರೀಧನ ಅಂತ, ಹೆಂಗಸಿನದೇ ಆಸ್ತಿಗೆ ಬೇರೆ ಲೆಕ್ಕ ಇತ್ತು, ಚಾಲುಕ್ಯರ ರಾಜಧಾನಿ ಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರ ಬರೆದ ಮಿತಾಕ್ಷರ ಅನ್ನೋ ಧರ್ಮಶಾಸ್ತ್ರದ ಪ್ರಕಾರ ಅದು ಮೊದಲು ಮದುವೆ ಆಗದ ಮಗಳಿಗೆ, ಆಮೇಲೆ ಮದುವೆಯಾದವರಲ್ಲಿ ಗತಿ ಇಲ್ಲದ ಮಗಳಿಗೆ. ನಮ್ಮಜ್ಜಿ ಯಾವ ಕಾಗದನೂ ಬರೀಲಿಲ್ಲ, ಸೆರಗಿನ ಗಂಟು ಬಿಚ್ಚಿ ಅವಲಕ್ಕಿ ಸರ ತೆಗೆದು ಕಷ್ಟದಲ್ಲಿದ್ದ ಚಿಕ್ಕಮ್ಮನ ಕೈಗೆ ಹಾಕಿ ಮುಷ್ಟಿ ಮುಚ್ಚಿದ್ರು, ಅಷ್ಟೇ. ಇಂಗ್ಲೆಂಡಿನ ಆ ಹೆಂಗಸಿಗೆ ಸರ ಕೊರಳಲ್ಲಿದ್ರೂ ಕಾನೂನು ಪ್ರಕಾರ ಅದು ತನ್ನದಲ್ಲ, ಮಗಳಿಗೆ ಕೊಡಿ ಅಂತ ಗಂಡನ್ನ ಕೇಳ್ಕೋಬೇಕು, ಅವನು ನಡೆಸಿಕೊಟ್ರೆ ಉಂಟು. ಈ ಎರಡು ಕೈಗಳನ್ನ ಒಂದು ಮಾಡ್ಬೇಡ.

ಹಾಗಾಗಿ ಗಂಡನ್ನ ಊರಿಗೆ ವಾಪಸ್ ಕರ್ಸು. ಅವನನ್ನ ರಾಕ್ಷಸ ಮಾಡ್ಬೇಡ, ಒಳ್ಳೆಯವನೇ ಆಗಿರ್ಲಿ, ಆಗ್ಲೇ ಕೇಳೋದು ಇನ್ನೂ ಕಷ್ಟ. ಮಂಚದ ಪಕ್ಕ ಅವನು ಕೂತಿದ್ದಾನೆ, ಇವಳು ತನ್ನದೇ ಸರನ ಮಗಳಿಗೆ ಕೊಡೋಕೆ ಅನುಮತಿ ಕೇಳ್ಬೇಕು. ಆ ಮಾತು ಹೇಗೆ ಶುರು ಮಾಡ್ತಾಳೆ? ಸಾಕ್ಷಿ ಹಾಕೋಕೆ ಯಾರನ್ನ ಕರೀತಾಳೆ? ಅದನ್ನ ಬರೆದು ಕಳ್ಸು, ಯುಗಾದಿ ಒಳಗೆ ಆದ್ರೆ ಒಳ್ಳೇದು, ಕಾಯ್ತಿರ್ತೀನಿ.

ನಿನ್ನ ಅಕ್ಕ