ಕೋಟೆಗಳಿಗೂ ಮಳೆಗಾಲದ ತಯಾರಿ ಬೇಕು

ಮಾನ್ಯ ಸಂಪಾದಕರೇ,

ಮಲೆನಾಡಿನ ಹಳೆಯ ಕೋಟೆ, ದೇವಾಲಯಗಳು ಹಾಳಾಗುತ್ತಿರುವ ಮಾತು ಬಂದಾಗಲೆಲ್ಲ ‘ಇಲ್ಲಿನ ಮಳೆಗೆ ಯಾವ ಕಟ್ಟಡ ತಾನೇ ತಡೆದೀತು’ ಎಂಬ ಉತ್ತರ ಸಿದ್ಧವಿರುತ್ತದೆ. ಮಗಳ ಮನೆಗೆಂದು ಜನವರಿಯಲ್ಲಿ ಜರ್ಮನಿಯ ನ್ಯೂರೆಂಬರ್ಗ್‌ಗೆ ಹೋಗಿದ್ದ ನನಗೆ ಈ ಉತ್ತರವನ್ನು ಒಪ್ಪುವುದು ಕಷ್ಟವಾಗಿದೆ.

ಕ್ರಿಸ್‌ಮಸ್ ಸಂತೆ ಮುಗಿದ ಮೇಲೆ ಅಲ್ಲಿ ಪ್ರವಾಸಿಗರು ವಿರಳ; ಬೆಳಿಗ್ಗೆ ಎಂಟಾದರೂ ಸರಿಯಾಗಿ ಬೆಳಕು ಹರಿಯುವುದಿಲ್ಲ. ಹಾಗಿದ್ದೂ ಗುಡ್ಡದ ಮೇಲಿನ ಕೈಸರ್‌ಬುರ್ಗ್ ಕೋಟೆ ವೇಳೆಯನ್ನು ಮೊಟಕುಗೊಳಿಸಿಕೊಂಡು ತೆರೆದಿರುತ್ತದೆ, ಏರುದಾರಿಯಲ್ಲಿ ಕಾಲು ಜಾರದಂತೆ ಸಣ್ಣ ಜಲ್ಲಿ ಚೆಲ್ಲಿರುತ್ತಾರೆ. ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಹಲಗೆಯ ಕವಚ ತೊಟ್ಟಿದ್ದ ಹಳೆಯ ಕಾರಂಜಿ. ಕಲ್ಲಿನ ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟುವಾಗ ಸುಮಾರು ಶೇ 9ರಷ್ಟು ಹಿಗ್ಗಿ ಕಲ್ಲನ್ನೇ ಸೀಳುತ್ತದಾದ್ದರಿಂದ, ಚಳಿ ಬಲಿಯುವ ಮುನ್ನವೇ ನೀರು ನಿಲ್ಲಿಸಿ, ಸುತ್ತಲೂ ಹಲಗೆ ಜೋಡಿಸಿ, ಚಳಿ ಕಳೆದ ಮೇಲೆ ಬಿಚ್ಚುತ್ತಾರೆ. 1945ರ ಜನವರಿ 2ರ ಬಾಂಬ್ ದಾಳಿಯಲ್ಲಿ ಹಳೆಯ ಪೇಟೆಯನ್ನು ಬಹುಪಾಲು ಕಳೆದುಕೊಂಡು ಮತ್ತೆ ಕಟ್ಟಿಕೊಂಡ ಊರದು. ಇಷ್ಟು ಜೋಪಾನಕ್ಕೆ ಅದೂ ಒಂದು ಕಾರಣವಿರಬಹುದು.

ಈ ಬುದ್ಧಿ ನಮಗೇನೂ ಹೊಸದಲ್ಲ. ಮಳೆ ಹಿಡಿಯುವ ಮೊದಲು ಮಣ್ಣಿನ ಗೋಡೆಗೆ ಅಡಿಕೆ ಸೋಗೆ ಕಟ್ಟುವುದು ನಮ್ಮ ಹಿರಿಯರಿಗೆ ಸೌದೆ ಒಟ್ಟುವಷ್ಟೇ ಸಹಜವಾಗಿತ್ತು. ಆದರೆ ಜಿಲ್ಲೆಯ ಕೋಟೆಯೊಂದರಲ್ಲಿ ಹೋದ ಆಷಾಢದಲ್ಲಿ ನಾನು ಕಂಡದ್ದು ಬುರುಜಿನ ಸಂದಿನಲ್ಲಿ ತೋಳುದ್ದ ಬೆಳೆದ ಅಶ್ವತ್ಥದ ಸಸಿ, ತರಗೆಲೆ ಕಟ್ಟಿಕೊಂಡ ಚರಂಡಿಯಿಂದ ಉಕ್ಕಿ ಗೋಡೆಯ ಬುಡಕ್ಕೇ ನುಗ್ಗುತ್ತಿದ್ದ ನೀರು, ಪಾಚಿಗಟ್ಟಿದ ಮೆಟ್ಟಿಲು. ಇದರಲ್ಲಿ ಮಳೆಯ ತಪ್ಪೆಷ್ಟು?

ಕವಲೇದುರ್ಗ, ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಕೋಟೆ, ಇಕ್ಕೇರಿಯ ಅಘೋರೇಶ್ವರ ದೇವಾಲಯದಂಥ ತಾಣಗಳಲ್ಲಿ ಸಸಿ ತೆಗೆಯುವ, ಚರಂಡಿ ಬಿಡಿಸುವ, ಮೆಟ್ಟಿಲು ಉಜ್ಜುವ ಕೆಲಸವನ್ನು ಪ್ರತಿವರ್ಷ ಮೇ ತಿಂಗಳೊಳಗೆ ಮುಗಿಸುವ ವ್ಯವಸ್ಥೆಯನ್ನು ಸಂಬಂಧಪಟ್ಟ ಇಲಾಖೆಗಳು ಮಾಡಬೇಕು. ಪ್ರತಿವರ್ಷ ಎಂದು ಒತ್ತಿ ಹೇಳಲು ಕಾರಣವಿದೆ: ಬೇರು ಬಲಿತ ಮೇಲೆ ಸಸಿ ಕಿತ್ತರೆ ಕಲ್ಲೂ ಜೊತೆಗೇ ಕಿತ್ತು ಬರುತ್ತದೆ. ಮಳೆಗಾಲದಲ್ಲಿ ಎಷ್ಟು ಹೊತ್ತಿಗೆ ತೆರೆದು ಎಷ್ಟು ಹೊತ್ತಿಗೆ ಮುಚ್ಚುತ್ತಾರೆಂದು ಬಾಗಿಲಲ್ಲಿ ಒಂದು ಫಲಕ ಹಾಕಲು ಹೆಚ್ಚು ಖರ್ಚೂ ಆಗದು. ಅದನ್ನು ಈ ವರ್ಷವೇ ಮಾಡಬಹುದು.

– ಓದುಗರೊಬ್ಬರು, ತೀರ್ಥಹಳ್ಳಿ